ಮುಖ ತೋರದ ಕನ್ನಡಿಗಳು

ಗಾಜಿನ ನೆಲವನ್ನು ನೀರೆಂದು ತಿಳಿದು ಉಡುಪನ್ನು ಮೇಲೆತ್ತಿ ಹಿಡಿದ ರಾಣಿಯ ಕಥೆ ನಮ್ಮ ಮನೆಗಳ ಮಕ್ಕಳಿಗೂ ಗೊತ್ತು. ಪವಿತ್ರ ಕುರ್‌ಆನಿನ 27ನೇ ಅಧ್ಯಾಯವಾದ ಅನ್ನಮ್ಲ್‌ನಲ್ಲಿ ಅದು ಬರುತ್ತದೆ. ಹುದ್‌ಹುದ್ ಹಕ್ಕಿ ಸಬಾ ನಾಡಿನಿಂದ ಸುದ್ದಿ ತರುತ್ತದೆ. ಅಲ್ಲಿ ಒಬ್ಬ ಮಹಿಳೆ ಆಳುತ್ತಿದ್ದಾಳೆ, ಅವಳಿಗೊಂದು ಭವ್ಯ ಸಿಂಹಾಸನವಿದೆ, ಅವಳೂ ಅವಳ ಜನರೂ ಸೂರ್ಯನಿಗೆ ಸಾಷ್ಟಾಂಗವೆರಗುತ್ತಾರೆ. ಪ್ರವಾದಿ ಸುಲೈಮಾನ್(ಅ)ರ ಪತ್ರ ಹೋಗುತ್ತದೆ. ರಾಣಿ ದುಡುಕುವುದಿಲ್ಲ. ಸರದಾರರನ್ನು ಕರೆದು ಕೇಳುತ್ತಾಳೆ, ಉಡುಗೊರೆ ಕಳಿಸಿ ನೋಡುತ್ತಾಳೆ, ಕೊನೆಗೆ ತಾನೇ ಹೊರಟು ಬರುತ್ತಾಳೆ. ಅಷ್ಟರಲ್ಲಿ ಅವಳ ಸಿಂಹಾಸನವನ್ನೇ ತರಿಸಿ, ರೂಪ ಬದಲಿಸಿ ಅವಳ ಮುಂದಿಡಲಾಗುತ್ತದೆ. ನಿನ್ನದೂ ಹೀಗೇ ಇದೆಯೇ ಎಂದು ಕೇಳಿದರೆ ಹೌದೆಂದೂ ಹೇಳದೆ, ಅಲ್ಲವೆಂದೂ ಹೇಳದೆ, ಇದು ಅದರಂತೆಯೇ ಇದೆ ಎಂದು ಉತ್ತರಿಸುವಷ್ಟು ಜಾಣೆ ಅವಳು. ಅಂತಹ ಜಾಣೆಯೂ ಅರಮನೆಯ ನೆಲವನ್ನು ಕಂಡು ಮೋಸಹೋದಳು. ಅದು ನೀರಲ್ಲ, ನುಣುಪಾದ ಗಾಜು ಎಂದು ಸುಲೈಮಾನ್(ಅ) ತಿಳಿಸಿದಾಗ ಅವಳು ಸರ್ವಲೋಕಗಳ ಪ್ರಭುವಿಗೆ ಶರಣಾದಳು. ಬಿಲ್ಕೀಸ್ ಎಂಬ ಅವಳ ಹೆಸರು ಕುರ್‌ಆನಿನಲ್ಲಿಲ್ಲ, ಪರಂಪರೆಯಿಂದ ಬಂದದ್ದು.

ಇದೇ ರೀತಿಯ ಇನ್ನೊಂದು ನೆಲ ನಮ್ಮ ನಾಡಿನವರಿಗೆಲ್ಲ ಗೊತ್ತು. ಮಹಾಭಾರತದ ಮಯಸಭೆ. ಯಕ್ಷಗಾನ ನೋಡಿ ಬೆಳೆದ ಕರಾವಳಿಯ ಮಕ್ಕಳಿಗೆ ಅದನ್ನು ವಿವರಿಸಬೇಕಾಗಿಲ್ಲ. ನೆಲವನ್ನು ನೀರೆಂದು ತಿಳಿದು ಬಟ್ಟೆ ಎತ್ತಿ ನಡೆದ ದುರ್ಯೋಧನ, ಮುಂದೆ ನಿಜವಾದ ನೀರನ್ನು ನೆಲವೆಂದು ತಿಳಿದು ಬಿದ್ದ. ಸುತ್ತಲಿದ್ದವರು ನಕ್ಕರು. ಆ ನಗು ಅವನ ಹೊಟ್ಟೆಯೊಳಗೆ ಬೆಂಕಿಯಾಗಿ ಉಳಿಯಿತು. ಎರಡು ಕಥೆಗಳಲ್ಲೂ ಭ್ರಮೆ ಒಂದೇ, ಫಲ ಮಾತ್ರ ಬೇರೆ. ಒಬ್ಬನಿಗೆ ಅವಮಾನವಾಯಿತು, ಒಬ್ಬಳಿಗೆ ಅರಿವಾಯಿತು. ನನಗೆ ಅನಿಸುವಂತೆ ಸುಲೈಮಾನ್(ಅ)ರ ಅರಮನೆಯಲ್ಲಿ ಯಾರೂ ನಗಲಿಲ್ಲ ಎಂಬುದು ಇಲ್ಲಿ ಸಣ್ಣ ವಿಷಯವಲ್ಲ. ಹೊಳೆಯುವುದನ್ನೇ ಸತ್ಯವೆಂದು ನಂಬಿ ಸೂರ್ಯನಿಗೆ ತಲೆಬಾಗುತ್ತಿದ್ದವಳಿಗೆ, ಕಣ್ಣು ಹೇಳಿದ್ದೆಲ್ಲ ನಿಜವಲ್ಲವೆಂದು ಒಂದು ನೆಲ ತೋರಿಸಿಕೊಟ್ಟಿತು.

ಗಾಜು ಮತ್ತು ಕನ್ನಡಿಗಳಿಂದ ಕಣ್ಣಿಗೆ ಹೀಗೆ ಪರೀಕ್ಷೆಯೊಡ್ಡುವ ಕಟ್ಟಡಗಳು ಜಗತ್ತಿನಲ್ಲಿ ಹಲವು ಇವೆ. ಆದರೆ ಅದನ್ನು ಒಂದು ದೊಡ್ಡ ಕಸುಬಾಗಿ ಬೆಳೆಸಿದವರು ಇರಾನಿನ ಜನರು. 'ಆಯಿನಾಕಾರಿ' ಎಂದು ಅದಕ್ಕೆ ಹೆಸರು. ಆಯಿನಾ ಎಂದರೆ ಕನ್ನಡಿ, ನಮ್ಮ ದಖ್ಖನಿ ಉರ್ದು ಮಾತನಾಡುವ ಮನೆಗಳಲ್ಲೂ ಇದೇ ಮಾತು. 2018ರ ಅಕ್ಟೋಬರ್‌ನಲ್ಲಿ ಅದನ್ನು ನೋಡುವ ಅವಕಾಶ ನಮಗೆ ಒದಗಿತು. ನನ್ನ ಪತಿ ಆಗ ಶಾರ್ಜಾದಲ್ಲಿದ್ದರು. ಅಲ್ಲಿಂದ ಶೀರಾಝ್‌ಗೆ ವಿಮಾನದಲ್ಲಿ ಸುಮಾರು ಒಂದು ಗಂಟೆಯ ಹಾದಿ. ಮಂಗಳೂರಿನಿಂದ ಬಂದಿದ್ದ ನನ್ನ ಅತ್ತೆಯೂ ಜೊತೆಗಿದ್ದರು. ಶೀರಾಝ್‌ನಿಂದ ಬಸ್ಸಿನಲ್ಲಿ ಇಸ್ಫಹಾನ್, ಅಲ್ಲಿಂದ ಟೆಹರಾನ್, ಹೀಗೆ ನಮ್ಮ ಪ್ರಯಾಣ.

ಶೀರಾಝ್ ಇರುವುದು ಫಾರ್ಸ್ ಪ್ರಾಂತದಲ್ಲಿ. ಮಂಗಳೂರಿನವರಿಗೆ ಈ ಹೆಸರು ಅಷ್ಟೇನೂ ಪರಕೀಯವಲ್ಲ. 14ನೇ ಶತಮಾನದಲ್ಲಿ ನಮ್ಮ ಕರಾವಳಿಗೆ ಬಂದ ಪ್ರವಾಸಿ ಇಬ್ನ್ ಬತೂತಾ, ಫಾರ್ಸ್ ಮತ್ತು ಯಮನ್‌ನ ವರ್ತಕರು ಬಂದಿಳಿಯುವ ಬಂದರು ಎಂದು ಮಂಗಳೂರಿನ ಬಗ್ಗೆ ಬರೆದಿದ್ದಾರೆ. ಹೊನ್ನಾವರದಲ್ಲಿ ಹೆಣ್ಣು ಮಕ್ಕಳ 13 ಮದ್ರಸಗಳನ್ನು ಕಂಡೆ, ಅಲ್ಲಿನ ಮಹಿಳೆಯರಿಗೆ ಕುರ್‌ಆನ್ ಕಂಠಪಾಠವಾಗಿತ್ತು ಎಂದು ದಾಖಲಿಸಿದವರೂ ಅವರೇ. ಅದೇ ಇಬ್ನ್ ಬತೂತಾ ಶೀರಾಝ್‌ನಲ್ಲೂ ಒಬ್ಬ ಮಹಿಳೆಯನ್ನು ಕಂಡು ಬರೆದರು. ಅವರ ಬಗ್ಗೆ ಮುಂದೆ ಹೇಳುತ್ತೇನೆ.

ಮೊದಲ ದಿನ ಬೆಳಿಗ್ಗೆ ನಾವು ಹೋದದ್ದು ನಸೀರುಲ್ ಮುಲ್ಕ್ ಮಸೀದಿಗೆ. 1876ರಿಂದ 1888ರವರೆಗೆ ಕಟ್ಟಿದ ಮಸೀದಿ ಇದು. ಹೊರಗಿನಿಂದ ನೋಡಿದರೆ ಗುಲಾಬಿ ಬಣ್ಣದ ಹೂಗಳಿರುವ ಹೆಂಚುಗಳ ಅಂದದ ಗೋಡೆ, ಅಷ್ಟೇ. ಅದರ ಸೋಜಿಗವಿರುವುದು ಚಳಿಗಾಲದ ನಮಾಝಿಗೆಂದು ಕಟ್ಟಿದ ಒಳ ಹಜಾರದಲ್ಲಿ. ಮರದ ಚೌಕಟ್ಟಿನ ಎತ್ತರದ ಬಾಗಿಲುಗಳಿಗೆ ಕೆಂಪು, ನೀಲಿ, ಹಳದಿ, ಹಸಿರು ಗಾಜಿನ ತುಂಡುಗಳನ್ನು ಕೂರಿಸಿದ್ದಾರೆ. ಬಿಸಿಲು ಏರುವ ಮುಂಚೆ, ಸೂರ್ಯ ತಗ್ಗಿನಲ್ಲಿರುವಾಗ, ಆ ಬಣ್ಣಗಳೆಲ್ಲ ಬಾಗಿಲು ದಾಟಿ ಒಳಗಿನ ಜಮಖಾನೆಯ ಮೇಲೆ, ಕಲ್ಲಿನ ಕಂಬಗಳ ಮೇಲೆ ಬಂದು ಬೀಳುತ್ತವೆ. ನೆಲವೇ ಕಾಣದು. ಕಾಲಿಟ್ಟರೆ ಪಾದಕ್ಕೆ ಬಣ್ಣ ಹತ್ತೀತೇನೋ ಎಂದು ಅನಿಸುತ್ತದೆ. ಬಿಸಿಲು ಮೇಲೇರಿದಂತೆ ಬಣ್ಣ ಹಿಂದೆ ಸರಿದು ಸರಿದು ಮಧ್ಯಾಹ್ನಕ್ಕೆ ಬಾಗಿಲ ಬುಡದಲ್ಲಿ ಮಾಯವಾಗುತ್ತದೆ.

ಒಂದು ಮಾತನ್ನು ಮಾತ್ರ ಹೇಳಲೇಬೇಕು. ಆ ಬಣ್ಣದ ನಡುವೆ ನಿಂತು ಫೋಟೋ ತೆಗೆಸಿಕೊಳ್ಳಲು ಬಂದವರ ನೂಕುನುಗ್ಗಲಿನಲ್ಲಿ, ಅದೊಂದು ಅಲ್ಲಾಹನ ಭವನ ಎಂಬುದು ಮರೆತೇ ಹೋಗುತ್ತದೆ. ಕೆಲವರು ಜಮಖಾನೆಯ ಮೇಲೆ ಮಲಗಿ ಫೋಟೋ ತೆಗೆಸಿಕೊಳ್ಳುತ್ತಿದ್ದರು. ನನ್ನ ಅತ್ತೆ ಒಂದು ಕಂಬದ ಮರೆಯಲ್ಲಿ ಎರಡು ರಕಅತ್ ನಮಾಝ್ ಮಾಡಿ ಸಲಾಮ್ ಹೇಳಿ ತಿರುಗಿದರೆ, ಅವರ ಬಿಳಿ ಮಕ್ಕನದ ಮೇಲೆ ಬಿದ್ದ ನೀಲಿ ಬಣ್ಣವನ್ನು ಯಾರೋ ಪ್ರವಾಸಿಗರು ಕ್ಯಾಮರಾದಲ್ಲಿ ಹಿಡಿಯುತ್ತಿದ್ದರು. ಅವರಿಗೆ ಸಿಟ್ಟು ಬಂತು. "ನಮಾಝೂ ತಮಾಷೆಯಾಯಿತೇ ಇವರಿಗೆ?" ಎಂದರು.

ಆದ್ದರಿಂದ ಅದೇ ದಿನ ಮಧ್ಯಾಹ್ನ ಶಾಹ್ ಚಿರಾಗ್‌ಗೆ ಹೊರಟಾಗ ಅವರ ಮನಸ್ಸು ಮೊದಲೇ ಸರಿಯಿರಲಿಲ್ಲ. ಶಾಹ್ ಚಿರಾಗ್ ಒಂದು ಮಝಾರ್. ಶಿಯಾ ಸಮುದಾಯದ ಎಂಟನೇ ಇಮಾಮರಾದ ರಿಝಾ ಅವರ ಸಹೋದರರಾದ ಅಹ್ಮದ್ ಮತ್ತು ಮುಹಮ್ಮದ್ ಅವರ ಗೋರಿಗಳು ಅಲ್ಲಿವೆ. ಹೆಸರಿನ ಅರ್ಥ 'ದೀಪಗಳ ರಾಜ'. "ಗೋರಿ ನೋಡಲು ಇಷ್ಟು ದೂರ ಬರಬೇಕಿತ್ತೇ ಮಗಳೇ? ಅದೂ ಕನ್ನಡಿ ಹಚ್ಚಿದ ಗೋರಿ!" ಎಂದರು ಅತ್ತೆ. ಅವರು ಹೇಳಿದ್ದರಲ್ಲಿ ತಪ್ಪೇನೂ ಇಲ್ಲ. ಗೋರಿಯ ಮೇಲೆ ಕಟ್ಟಡ ಕಟ್ಟುವುದನ್ನೂ ಅದನ್ನು ಸಿಂಗರಿಸುವುದನ್ನೂ ನಮ್ಮ ಬಹಳಷ್ಟು ವಿದ್ವಾಂಸರು ಒಪ್ಪುವುದಿಲ್ಲ. ನಮಾಝಿನ ಜಾಗದಲ್ಲಿ ಕಣ್ಣು ಸೆಳೆಯುವ ಅಲಂಕಾರವಿರಬಾರದೆಂಬ ಎಚ್ಚರವೂ ನಮ್ಮಲ್ಲಿ ಹಳೆಯದೇ. ಚಿತ್ತಾರದ ಹೊದಿಕೆಯೊಂದು ನಮಾಝಿನಲ್ಲಿ ತನ್ನ ಗಮನವನ್ನು ಸೆಳೆಯಿತೆಂದು ಪ್ರವಾದಿಯವರು(ಸ) ಅದನ್ನು ಹಿಂದಕ್ಕೆ ಕಳಿಸಿ, ಸಾದಾ ಹೊದಿಕೆಯನ್ನು ತರಿಸಿಕೊಂಡ ಪ್ರಸಂಗವು ಬುಖಾರಿಯಲ್ಲಿದೆ. ಒಂದು ಹೊದಿಕೆಯ ಚಿತ್ತಾರಕ್ಕೇ ಹೀಗಾದರೆ, ನೆಲದ ಮೇಲಿರುವ ಎಲ್ಲವೂ ಕನ್ನಡಿಯಾದ ಕೋಣೆಯ ಬಗ್ಗೆ ಏನು ಹೇಳೋಣ? ಕೊನೆಗೆ ಅತ್ತೆ, ತಾವು ಅಂಗಳದಲ್ಲಿ ಕುಳಿತಿರುವುದಾಗಿಯೂ ನಾನು ಬೇಕಾದರೆ ಒಳಗೆ ಹೋಗಿ ಬರಬಹುದೆಂದೂ ಹೇಳಿದರು.

ಮಹಿಳೆಯರಿಗೆ ಪ್ರತ್ಯೇಕ ಬಾಗಿಲು. ಅಲ್ಲಿ ತಪಾಸಣೆ ಮಾಡಿ, ಚಾದರ್ ಇಲ್ಲದವರಿಗೆ ಹೂವಿನ ಚಿತ್ತಾರದ ತೆಳು ಚಾದರ್ ಕೊಡುತ್ತಾರೆ. ಒಳಗೆ ಕಾಲಿಟ್ಟಾಗ ನನಗೆ ತಕ್ಷಣ ಏನೂ ಅರ್ಥವಾಗಲಿಲ್ಲ. ಗೋಡೆ ಎಲ್ಲಿ ಮುಗಿಯುತ್ತದೆ, ಚಾವಣಿ ಎಲ್ಲಿ ಆರಂಭವಾಗುತ್ತದೆ ಎಂದು ತಿಳಿಯದು. ಮೂಲೆ ಎಂಬುದೇ ಇಲ್ಲ. ಹಸಿರು ಛಾಯೆಯ ಬೆಳಕು ಎಲ್ಲ ಕಡೆಯಿಂದಲೂ ಬರುತ್ತದೆ, ಮೇಲೆ ತೂಗುವ ದೀಪಗುಚ್ಛಗಳಿಂದ ಮಾತ್ರವಲ್ಲ. ಗೋಡೆಗೆ ಭಾರವಿರುತ್ತದೆ, ಕಂಬಕ್ಕೆ ದಪ್ಪವಿರುತ್ತದೆ ಎಂಬ ನಮ್ಮ ಅಭ್ಯಾಸದ ತಿಳಿವಳಿಕೆಯನ್ನೇ ಆ ಕೋಣೆ ಕಿತ್ತುಕೊಳ್ಳುತ್ತದೆ. ಇಟ್ಟಿಗೆ ಗಾರೆಯ ಕಟ್ಟಡ ಬೆಳಕಿನಿಂದಲೇ ಕಟ್ಟಿದಂತೆ ತೋರುತ್ತದೆ.

ಸ್ವಲ್ಪ ಹೊತ್ತಾದ ಮೇಲೆ ನಾನು ಗೋಡೆಯ ಹತ್ತಿರ ಹೋಗಿ, ಹೆಣ್ಣು ಮಕ್ಕಳ ಸಹಜ ಅಭ್ಯಾಸದಂತೆ, ಚಾದರ್ ಸರಿಯಾಗಿದೆಯೇ ಎಂದು ನೋಡಿಕೊಳ್ಳಲು ಹೊರಟೆ. ಕನ್ನಡಿಯೇನೋ ಇದೆ, ಒಂದಲ್ಲ, ಲೆಕ್ಕವಿಲ್ಲದಷ್ಟು. ಮುಖ ಮಾತ್ರ ಕಾಣದು. ಒಂದು ಚೂರಿನಲ್ಲಿ ಹುಬ್ಬಿನ ತುದಿ, ಇನ್ನೊಂದರಲ್ಲಿ ಚಾದರ್‌ನ ಹೂವು, ಮತ್ತೊಂದರಲ್ಲಿ ಹಿಂದೆ ಅಳುತ್ತಾ ಕುಳಿತ ಮುದುಕಿಯೊಬ್ಬರ ಬೆರಳು. ಚೂರುಗಳು ಅಷ್ಟು ಚಿಕ್ಕವು, ಮತ್ತು ಪ್ರತಿಯೊಂದೂ ಬೇರೆ ಬೇರೆ ಕೋನಕ್ಕೆ ತಿರುಗಿದೆ. ಎಲ್ಲರ ಚೂರುಗಳೂ ಬೆರೆತಿವೆ. ನನ್ನದು ಯಾವುದು, ಪಕ್ಕದಲ್ಲಿರುವವಳದು ಯಾವುದು ಎಂದು ಬೇರ್ಪಡಿಸಲಾಗದು. ಮಕ್ಕಳು ಓಡಿದರೆ ಗೋಡೆಯಿಡೀ ಓಡುತ್ತದೆ.

ಇದು ನನ್ನನ್ನು ಬಹಳ ಯೋಚಿಸುವಂತೆ ಮಾಡಿತು. ಕನ್ನಡಿ ಇರುವುದೇ ಮುಖ ನೋಡಿಕೊಳ್ಳಲು. ಅದನ್ನು ಮುಖ ಕಾಣದಂತೆ ಕತ್ತರಿಸಿ ಅಂಟಿಸುವುದೆಂದರೆ ಏನರ್ಥ? ಫ್ರಾನ್ಸಿನ ವರ್ಸೈ ಅರಮನೆಯಲ್ಲೂ ಒಂದು ಕನ್ನಡಿಗಳ ಹಜಾರವಿದೆ. 1678ರಿಂದ 1684ರವರೆಗೆ ಕಟ್ಟಿದ ಆ ಹಜಾರ 73 ಮೀಟರ್ ಉದ್ದವಿದ್ದು, 17 ಕಮಾನುಗಳಲ್ಲಿ 357 ಕನ್ನಡಿಗಳಿವೆ. ಅವು ಸಪಾಟಾಗಿ, ಒಂದರ ಪಕ್ಕ ಒಂದು ಜೋಡಿಸಿದವು. ಅದರ ಮುಂದೆ ನಡೆದವರು ತಮ್ಮನ್ನೂ ತಮ್ಮ ಉಡುಪನ್ನೂ ತಲೆಯಿಂದ ಕಾಲಿನವರೆಗೆ ನೋಡಿಕೊಳ್ಳಬಹುದಿತ್ತು. ದೊರೆ ತನ್ನ ವೈಭವವನ್ನು ಇಮ್ಮಡಿಗೊಳಿಸಿ ತೋರಲು ಕಟ್ಟಿಸಿದ್ದು ಅದು. ಶೀರಾಝ್‌ನ ಕೋಣೆಯಲ್ಲಿ ಕನ್ನಡಿಯ ಕೆಲಸವೇ ಬೇರೆ. ಅಲ್ಲಿ ಅದು ಬೆಳಕನ್ನು ಮಾತ್ರ ಇಡಿಯಾಗಿ ಹಿಂದಿರುಗಿಸುತ್ತದೆ. ಮನುಷ್ಯನನ್ನು ಚೂರು ಮಾಡಿ ಗುಂಪಿನೊಳಗೆ ಸೇರಿಸಿಬಿಡುತ್ತದೆ. ಮೂರ್ತಿ, ಚಿತ್ರಗಳಿಲ್ಲದೆ ಪವಿತ್ರ ಸ್ಥಳವನ್ನು ಸಿಂಗರಿಸಬೇಕೆಂದಾಗ ಮುಸ್ಲಿಮ್ ಕುಶಲಕರ್ಮಿಗಳು ಅಕ್ಷರ, ಬಳ್ಳಿ, ರೇಖಾಗಣಿತ ಇವುಗಳನ್ನು ಹಿಡಿದರು ಎಂದು ನಾವು ಓದಿದ್ದೇವೆ. ಕನ್ನಡಿಯಂತಹ, ಎದುರಿಗೆ ಬಂದುದೆಲ್ಲದರ ಚಿತ್ರ ತೋರಿಸುವ ವಸ್ತುವನ್ನು ಹಿಡಿದು, ಅದರಿಂದಲೂ ಚಿತ್ರವನ್ನು ಕಳೆದು ಬರೀ ಬೆಳಕನ್ನು ಉಳಿಸಿಕೊಂಡದ್ದು ದೊಡ್ಡ ಜಾಣ್ಮೆ. ಗೋರಿಯ ಸಿಂಗಾರದ ಬಗ್ಗೆ ಅತ್ತೆಯ ಆಕ್ಷೇಪವನ್ನು ನಾನು ಈಗಲೂ ಒಪ್ಪುತ್ತೇನೆ. ಆದರೆ ಆ ಕುಶಲಕರ್ಮಿಯ ಕೈ ನಮಸ್ಕಾರಕ್ಕೆ ಯೋಗ್ಯವಾದುದು ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಈಗ ಇಬ್ನ್ ಬತೂತಾ ಕಂಡ ಮಹಿಳೆಯ ವಿಷಯ. ತಾಶ್ ಖಾತೂನ್ ಎಂದು ಅವರ ಹೆಸರು, ಶೀರಾಝ್‌ನ ದೊರೆ ಅಬೂ ಇಸ್‌ಹಾಕ್‌ನ ತಾಯಿ. 14ನೇ ಶತಮಾನದಲ್ಲಿ ಈ ಗೋರಿಯ ಬಳಿ ಒಂದು ಮದ್ರಸವನ್ನೂ, ದಾರಿಹೋಕರಿಗೆ ಊಟ ಹಾಕುವ ಮನೆಯನ್ನೂ ಅವರು ಕಟ್ಟಿಸಿದರು. ವಾರಕ್ಕೊಮ್ಮೆ ರಾತ್ರಿ ಅವರು ಅಲ್ಲಿಗೆ ಬರುತ್ತಿದ್ದರು, ಖಾಝಿಗಳೂ ವಿದ್ವಾಂಸರೂ ಸೇರುತ್ತಿದ್ದರು, ಸುಶ್ರಾವ್ಯವಾಗಿ ಕುರ್‌ಆನ್ ಪಾರಾಯಣ ನಡೆಯುತ್ತಿತ್ತು, ಬಂದವರಿಗೆ ಊಟವಾಗುತ್ತಿತ್ತು ಎಂದು ಇಬ್ನ್ ಬತೂತಾ ಬರೆದಿದ್ದಾರೆ. ಆಗ ಅಲ್ಲಿ ಈ ಕನ್ನಡಿಗಳಿರಲಿಲ್ಲ. ಅವೆಲ್ಲ ನಂತರದ ಶತಮಾನಗಳಲ್ಲಿ ಬಂದವು. ಅಂಗಳಕ್ಕೆ ಬಂದು ನಾನು ಇದನ್ನು ಹೇಳಿದಾಗ ಅತ್ತೆ, "ಹಾಗಾದರೆ ಮೊದಲು ಅನ್ನ ಇತ್ತು, ಕನ್ನಡಿ ಆಮೇಲೆ ಬಂತು ಅನ್ನು" ಎಂದರು. ಅಷ್ಟು ಹೊತ್ತಿಗೆ ಅವರು ಇರಾನಿ ಅಜ್ಜಿಯೊಬ್ಬರ ಜೊತೆ ಭಾಷೆಯಿಲ್ಲದೆಯೇ ಸ್ನೇಹ ಬೆಳೆಸಿ, ಪಿಸ್ತಾ ತಿನ್ನುತ್ತಾ ಕುಳಿತಿದ್ದರು.

ಆ ಅಂಗಳವನ್ನು ನೆನೆದರೆ ಈಗ ಸಂಕಟವಾಗುತ್ತದೆ. 2022ರ ಅಕ್ಟೋಬರ್ 26ರಂದು ಬಂದೂಕುಧಾರಿಯೊಬ್ಬ ಶಾಹ್ ಚಿರಾಗ್‌ಗೆ ನುಗ್ಗಿ ಪ್ರಾರ್ಥನೆಗೆ ಬಂದವರ ಮೇಲೆ ಗುಂಡು ಹಾರಿಸಿ ಹತ್ತಕ್ಕೂ ಹೆಚ್ಚು ಮಂದಿಯನ್ನು ಕೊಂದ. ಸತ್ತವರಲ್ಲಿ ಮಹಿಳೆಯರೂ ಮಕ್ಕಳೂ ಇದ್ದರು. ಐಸಿಸ್ ಅದರ ಹೊಣೆ ಹೊತ್ತಿತು. 2023ರ ಆಗಸ್ಟ್‌ನಲ್ಲಿ ಮತ್ತೊಮ್ಮೆ ಅಲ್ಲಿ ದಾಳಿಯಾಯಿತು. ಗೋರಿಯ ಅಲಂಕಾರವನ್ನು ಒಪ್ಪದಿರುವುದು ಬೇರೆ, ಅಲ್ಲಿ ದುಆ ಮಾಡಲು ಕುಳಿತ ತಾಯಿಯ ಎದೆಗೆ ಗುಂಡಿಡುವುದು ಬೇರೆ. ಮೊದಲನೆಯದು ನನ್ನ ಅತ್ತೆ ಮಾಡಿದಂತೆ ಅಂಗಳದಲ್ಲಿ ಕುಳಿತುಕೊಳ್ಳುವುದು. ಎರಡನೆಯದಕ್ಕೆ ಇಸ್ಲಾಮಿನಲ್ಲಿ ಹೆಸರಿರುವುದು ಕೊಲೆ ಎಂದೇ.

ಈ ಕೆಲಸ ಹೇಗೆ ಹುಟ್ಟಿತೆಂಬುದಕ್ಕೆ ಒಂದು ಸೊಗಸಾದ ಮಾತಿದೆ. 16, 17ನೇ ಶತಮಾನಗಳಲ್ಲಿ ಇರಾನಿಗೆ ದೊಡ್ಡ ಕನ್ನಡಿಗಳು ಬರುತ್ತಿದ್ದುದು ಇಟಲಿಯ ವೆನಿಸ್‌ನಿಂದ. ಹಡಗು, ಒಂಟೆ, ಹೇಸರಗತ್ತೆ ಎಲ್ಲ ದಾಟಿ ಬರುವಷ್ಟರಲ್ಲಿ ಎಷ್ಟೋ ಕನ್ನಡಿಗಳು ಒಡೆದಿರುತ್ತಿದ್ದವು. ಬೆಲೆಬಾಳುವ ವಸ್ತುವನ್ನು ಎಸೆಯಲು ಮನಸ್ಸು ಬಾರದೆ ಕುಶಲಕರ್ಮಿಗಳು ಚೂರುಗಳನ್ನೇ ಗೋಡೆಗೆ ಜೋಡಿಸಲು ಆರಂಭಿಸಿದರು ಎನ್ನುತ್ತಾರೆ. ಕತ್ತರಿಸಿ ಉಳಿದ ಬಟ್ಟೆ ತುಂಡುಗಳಿಂದ ಕೌದಿ ಹೊಲಿಯುವ ನಮ್ಮ ಹೆಂಗಸರಿಗೆ ಈ ಲೆಕ್ಕಾಚಾರ ಸುಲಭವಾಗಿ ಅರ್ಥವಾದೀತು. ದಾಖಲೆಯಲ್ಲಿರುವ ಮೊದಲ ಕನ್ನಡಿ ಅಲಂಕಾರ ಖಝ್ವೀನ್ ನಗರದ್ದು. ಸಫವಿ ದೊರೆ ಶಾಹ್ ತಹ್ಮಾಸ್ಪ್ 1544ರಲ್ಲಿ ಆರಂಭಿಸಿ 1558ರಲ್ಲಿ ಮುಗಿಸಿದ ಅರಮನೆಯಲ್ಲಿ ಅದಿತ್ತು. ಆ ಹಳೆಯ ಕನ್ನಡಿಗಳಿಗೆ ಹಿಂಬದಿಯಲ್ಲಿ ತವರ ಮತ್ತು ಪಾದರಸದ ಲೇಪವಿರುತ್ತಿತ್ತು. ಆ ಪಾದರಸದ ಆವಿ ಕೆಲಸಗಾರರ ಆರೋಗ್ಯವನ್ನು ತಿನ್ನುತ್ತಿತ್ತು. ಬೆಳ್ಳಿಯ ಲೇಪದ ವಿಧಾನವು 1835ರಲ್ಲಿ ಜರ್ಮನಿಯ ಲೀಬಿಗ್ ಎಂಬ ವಿಜ್ಞಾನಿಯಿಂದ ಬಂದು, ಮುಂದೆ ಕನ್ನಡಿ ಅಗ್ಗವಾಯಿತು. ಇರಾನಿನ ಕನ್ನಡಿ ಕೆಲಸ 19ನೇ ಶತಮಾನದಲ್ಲಿ ಅಷ್ಟು ಹರಡಲು ಕನ್ನಡಿ ಕೈಗೆಟುಕುವಂತಾದದ್ದೂ ಒಂದು ಕಾರಣವಿರಬೇಕು.

ಕೆಲಸದ ಕ್ರಮ ಹೀಗೆ. ಮೊದಲು ಕಾಗದದ ಮೇಲೆ ನಕ್ಷೆ. ತ್ರಿಕೋನ, ಷಟ್ಕೋನ, ನಕ್ಷತ್ರ, ಗಾಳಿಪಟದಂತಹ ಆಕಾರಗಳು ಒಂದರೊಳಗೊಂದು ಕೂರುವಂತೆ ಅಳತೆ. ಆಮೇಲೆ ತೆಳುವಾದ ಕನ್ನಡಿಯನ್ನು ವಜ್ರದ ಮೊನೆಯಿಂದ ಗೀರಿ ಬೆರಳಿನಿಂದ ಮುರಿಯುವುದು. ಗೋಡೆಗೆ ಜಿಪ್ಸಮ್ ಗಾರೆ ಬಳಿದು, ಅದು ಗಟ್ಟಿಯಾಗುವುದರೊಳಗೆ ಚೂರುಗಳನ್ನು ಒಂದೊಂದಾಗಿ ಒತ್ತುವುದು. ಕೋನ ಒಂದಿಷ್ಟು ತಪ್ಪಿದರೆ ಬೆಳಕು ಅಡ್ಡದಾರಿ ಹಿಡಿಯುತ್ತದೆ. ಚಾವಣಿಯಲ್ಲಾದರೆ ತಲೆ ಮೇಲೆತ್ತಿಕೊಂಡೇ ದಿನವಿಡೀ ಕೆಲಸ.

ಅದೇ 1544ರಲ್ಲಿ, ದಿಲ್ಲಿಯ ಗದ್ದುಗೆ ಕಳೆದುಕೊಂಡ ಹುಮಾಯೂನ್ ಬಾದಶಹನು ಇದೇ ಶಾಹ್ ತಹ್ಮಾಸ್ಪ್‌ನ ಆಸರೆ ಬೇಡಿ ಬಂದಿದ್ದ. ಆ ಭೇಟಿಯ ದೊಡ್ಡ ವರ್ಣಚಿತ್ರವನ್ನು ನಾವು ಇಸ್ಫಹಾನ್‌ನ ಚೆಹೆಲ್ ಸುತೂನ್ ಅರಮನೆಯ ಗೋಡೆಯಲ್ಲಿ ಕಂಡೆವು. ಹಿಂತಿರುಗುವಾಗ ಅವನು ಇರಾನಿನ ಚಿತ್ರಕಾರರನ್ನೂ ಕರೆತಂದ. ಅವನ ಮರಿಮಗ ಶಾಹಜಹಾನ್ ಆಗ್ರಾ ಮತ್ತು ಲಾಹೋರಿನ ಕೋಟೆಗಳಲ್ಲಿ ಶೀಶ್ ಮಹಲುಗಳನ್ನು ಕಟ್ಟಿಸಿದ. ಆಗ್ರಾದ ಕನ್ನಡಿಗಳು ಸಿರಿಯಾದ ಹಲಬ್‌ನಿಂದ ಬಂದವಂತೆ. ಜೈಪುರದ ಬಳಿಯ ಆಮೇರ್ ಕೋಟೆಯ ಶೀಶ್ ಮಹಲನ್ನು ನಮ್ಮ ಓದುಗರಲ್ಲಿ ಹಲವರು ನೋಡಿರಬಹುದು.

ಚೆಹೆಲ್ ಸುತೂನ್ ಎಂದರೆ 'ನಲವತ್ತು ಕಂಬ'. 1647ರಲ್ಲಿ ಎರಡನೇ ಶಾಹ್ ಅಬ್ಬಾಸ್‌ನ ಕಾಲದಲ್ಲಿ ಪೂರ್ಣಗೊಂಡ ಕಟ್ಟಡ. ನನ್ನ ಪತಿ ಎಣಿಸತೊಡಗಿದರು. ಎಷ್ಟು ಎಣಿಸಿದರೂ ಇಪ್ಪತ್ತೇ ಕಂಬಗಳು, ಎಲ್ಲ ಮರದವು, ತೆಳ್ಳಗೆ ಎತ್ತರಕ್ಕೆ ನಿಂತಿವೆ. ಉಳಿದ ಇಪ್ಪತ್ತು ಎಲ್ಲಿ? ಎದುರಿನ ಕೊಳದಲ್ಲಿ. ನೂರು ಮೀಟರಿಗೂ ಉದ್ದವಾದ ಆ ಕೊಳದ ನೀರು ಅಲುಗದಿದ್ದಾಗ ಇಪ್ಪತ್ತು ಕಂಬಗಳು ತಲೆಕೆಳಗಾಗಿ ಇನ್ನೂ ಇಪ್ಪತ್ತಾಗುತ್ತವೆ. ಫಾರ್ಸಿಯಲ್ಲಿ ನಲವತ್ತು ಎಂದರೆ 'ಬಹಳ' ಎಂಬ ಅರ್ಥವೂ ಇದೆಯಂತೆ, ಆದರೆ ಕೊಳದ ವಿವರಣೆಯೇ ಜನರಿಗೆ ಪ್ರಿಯ. ಬಿಲ್ಕೀಸ್ ರಾಣಿ ಗಾಜನ್ನು ನೀರೆಂದಳು, ಇಲ್ಲಿ ನೀರನ್ನೇ ಕನ್ನಡಿ ಮಾಡಿ ಅರ್ಧ ಅರಮನೆಯನ್ನು ಪುಕ್ಕಟೆಯಾಗಿ ಕಟ್ಟಿಸಿಕೊಂಡಿದ್ದಾರೆ! ಅದೇ ನಗರದಲ್ಲಿ ಝಾಯಂದೆ ರೂದ್ ನದಿಯ ದಂಡೆಯಲ್ಲಿ 'ಆಯಿನಾಖಾನಾ' ಎಂಬ ಕನ್ನಡಿ ಅರಮನೆಯೊಂದಿತ್ತು. 19ನೇ ಶತಮಾನದ ಕೊನೆಯಲ್ಲಿ ಅದನ್ನು ಕೆಡವಿದರು. ನಾವು ಹೋದಾಗ ನದಿಯೂ ಒಣಗಿತ್ತು. ಸೇತುವೆಯ ಕಮಾನುಗಳ ಕೆಳಗೆ ಮಕ್ಕಳು ಆಟವಾಡುತ್ತಿದ್ದರು.

ಟೆಹರಾನಿನ ಗುಲಿಸ್ತಾನ್ ಅರಮನೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಲ್ಲಿನ ಕನ್ನಡಿ ಹಜಾರವು 1870ರ ದಶಕದಲ್ಲಿ ನಾಸಿರುದ್ದೀನ್ ಶಾಹ್ ಕಟ್ಟಿಸಿದ್ದು. ಕಮಾಲುಲ್ ಮುಲ್ಕ್ ಎಂಬ ಕಲಾವಿದ ಅದರ ಚಿತ್ರವನ್ನು ವರ್ಷಗಟ್ಟಲೆ ಕುಳಿತು ಬರೆದ. ದೊಡ್ಡ ಹಜಾರದಲ್ಲಿ ದೊರೆ ಒಬ್ಬನೇ ಕುರ್ಚಿಯಲ್ಲಿ ಕುಳಿತಿದ್ದಾನೆ, ಸುತ್ತ ಕನ್ನಡಿಯೋ ಕನ್ನಡಿ. ಶಾಹ್ ಚಿರಾಗ್‌ನ ಗುಂಪು ಅಲ್ಲಿಲ್ಲ. ಒಬ್ಬನಿಗಾಗಿ ಇಷ್ಟೊಂದು ಬೆಳಕೇ ಎಂದು ಅನಿಸಿ ನನಗೆ ಆ ಜಾಗ ಹಿಡಿಸಲಿಲ್ಲ. ದುಂದುವೆಚ್ಚ ಎಂಬ ಮಾತು ಅಲ್ಲಿ ನೆನಪಾಗದಿದ್ದರೆ ಇನ್ನೆಲ್ಲಿ ನೆನಪಾದೀತು?

ಆದರೆ ಟೆಹರಾನಿನಲ್ಲಿ ಇನ್ನೊಂದು ಕಡೆ ಕನ್ನಡಿಗಳಿದ್ದವು. ಪ್ರಯಾಣಕ್ಕೆ ಮುಂಚೆ ನಾನು ಆಸೆಪಟ್ಟದ್ದು ಅದನ್ನೇ. ನೆಗಾರೆಸ್ತಾನ್ ಉದ್ಯಾನದಲ್ಲಿ, ಟೆಹರಾನ್ ವಿಶ್ವವಿದ್ಯಾನಿಲಯದ ಆಶ್ರಯದಲ್ಲಿ, 2017ರ ಡಿಸೆಂಬರ್‌ನಲ್ಲಿ ಒಂದು ಮ್ಯೂಸಿಯಂ ತೆರೆಯಿತು. ಇರಾನಿನಲ್ಲಿ ಒಬ್ಬಳೇ ಮಹಿಳಾ ಕಲಾವಿದೆಗೆ ಮೀಸಲಾದ ಮೊದಲ ಮ್ಯೂಸಿಯಂ ಅದು. ಆಕೆ ಮುನೀರ್ ಶಾಹ್‌ರೂದಿ ಫರ್ಮಾನ್‌ಫರ್ಮಾಯಾನ್. ನಾವು ಹೋದಾಗ ಆಕೆ ಇನ್ನೂ ಬದುಕಿದ್ದರು, ತೊಂಬತ್ತು ದಾಟಿದ್ದರು. 2019ರ ಏಪ್ರಿಲ್‌ನಲ್ಲಿ ತೀರಿಕೊಂಡರು.

ಮುನೀರ್ ಹುಟ್ಟಿದ್ದು 1922ರಲ್ಲಿ, ಅದೇ ಖಝ್ವೀನ್‌ನಲ್ಲಿ. ಚಿತ್ರಕಲೆ ಕಲಿಯಲು ಪ್ಯಾರಿಸ್ಸಿಗೆ ಹೋಗಬೇಕೆಂದಿದ್ದರು. ಮಹಾಯುದ್ಧ ನಡೆಯುತ್ತಿದ್ದುದರಿಂದ ನ್ಯೂಯಾರ್ಕ್‌ಗೆ ಹೋದರು. ಅಲ್ಲಿ ಓದಿದರು, ದೊಡ್ಡ ಮಳಿಗೆಯೊಂದಕ್ಕೆ ಜಾಹೀರಾತಿನ ಚಿತ್ರ ಬರೆದು ದುಡಿದರು. 1957ರಲ್ಲಿ ಇರಾನಿಗೆ ಮರಳಿ ಮದುವೆಯಾಗಿ ನೆಲೆಸಿದರು. ಹಳ್ಳಿಗಳಲ್ಲಿ ಸುತ್ತಿ ಗಾಜಿನ ಮೇಲೆ ಬರೆದ ಹಳೆಯ ಚಿತ್ರಗಳನ್ನೂ, ಬುಡಕಟ್ಟು ಹೆಂಗಸರ ಬೆಳ್ಳಿ ಒಡವೆಗಳನ್ನೂ ಸಂಗ್ರಹಿಸಿದರು. ನಲವತ್ತು ದಾಟಿದ ಮೇಲೆ ಒಂದು ದಿನ ಇಬ್ಬರು ಅಮೆರಿಕನ್ ಕಲಾವಿದರೊಡನೆ ಶಾಹ್ ಚಿರಾಗ್‌ಗೆ ಹೋಗಿ ಕುಳಿತರು. ಬೇಡುವವರು, ಅಳುವವರು, ಓಡುವ ಮಕ್ಕಳು ಎಲ್ಲರೂ ಚಾವಣಿಯ ಚೂರುಗಳಲ್ಲಿ ಚಲಿಸುತ್ತಿರುವುದನ್ನು ನೋಡುತ್ತಾ ತನಗೂ ಅಳು ಬಂತೆಂದು ಆಕೆ ನಂತರ ಹೇಳಿಕೊಂಡಿದ್ದಾರೆ. ಇದನ್ನು ಗೋಡೆಯಿಂದ ಬಿಡಿಸಿ ಮನೆಯೊಳಗೆ ತರಲಾಗದೇ ಎಂಬ ಯೋಚನೆ ಅಲ್ಲಿ ಹುಟ್ಟಿತು.

ಅದಕ್ಕಾಗಿ ಆಕೆ ಹೋದದ್ದು ಕಲಾಶಾಲೆಗಲ್ಲ, ಹಾಜಿ ಉಸ್ತಾದ್ ಮುಹಮ್ಮದ್ ನವೀದ್ ಎಂಬ ಹಳೆಯ ಕನ್ನಡಿ ಕುಶಲಕರ್ಮಿಯ ಬಳಿಗೆ. ತಂದೆಯಿಂದ ಮಗನಿಗೆ ಬಂದ ಕೆಲಸ, ಹೆಂಗಸರು ಅದರಲ್ಲಿರಲಿಲ್ಲ. ಆಕೆ ನಕ್ಷೆ ಬರೆದರು, ಉಸ್ತಾದ್ ಕತ್ತರಿಸಿದರು. ಶಿಲ್ಪ ಎಂದರೆ ನಮಗೆ ಮೂರ್ತಿಯೇ ನೆನಪಾಗುತ್ತದೆ. ಮುನೀರರ ಶಿಲ್ಪಗಳಲ್ಲಿ ಮನುಷ್ಯನೂ ಇಲ್ಲ, ಪ್ರಾಣಿಯೂ ಇಲ್ಲ. ತ್ರಿಕೋನ, ಚೌಕ, ಷಟ್ಕೋನ, ಮತ್ತು ಮೈತುಂಬ ಕನ್ನಡಿಯಿರುವ ಚೆಂಡುಗಳು. ಷಟ್ಕೋನದ ಮೇಲೆ ಆಕೆಗೆ ಬಹಳ ಮೋಹ. ಜೇನುಗೂಡಿನಂತೆ ಅದನ್ನು ಎಷ್ಟು ಬೇಕಾದರೂ ಹಬ್ಬಿಸಬಹುದಲ್ಲವೇ?

1979ರ ಕ್ರಾಂತಿಯ ಸಮಯದಲ್ಲಿ ಆಕೆ ಮತ್ತು ಪತಿ ನ್ಯೂಯಾರ್ಕ್‌ನಲ್ಲಿದ್ದರು. ಹಿಂದಿರುಗಲಾಗಲಿಲ್ಲ. ಟೆಹರಾನಿನ ಮನೆ, ಸಂಗ್ರಹ, ಕಲಾಕೃತಿಗಳು ಎಲ್ಲ ಜಪ್ತಿಯಾದವು. ನ್ಯೂಯಾರ್ಕ್‌ನ ಮನೆಯಲ್ಲಿ ಕನ್ನಡಿ ಕತ್ತರಿಸಲು ಉಸ್ತಾದ್ ಇಲ್ಲ, ಜಾಗವಿಲ್ಲ. ಆಕೆ ಕಾಗದದ ಮೇಲೆ ಷಟ್ಕೋನಗಳನ್ನು ಬರೆಯುತ್ತಾ ಕುಳಿತರು. ಪತಿ ತೀರಿಕೊಂಡ ಮೇಲೆ ಸಣ್ಣ ಪೆಟ್ಟಿಗೆಗಳನ್ನು ಮಾಡಿದರು. ಹಳೆಯ ಫೋಟೋ, ಕಳೆದುಹೋದ ಮನೆಯ ನೆನಪಿನ ಚೂರುಪಾರು, ಎಲ್ಲವನ್ನೂ ಅದರಲ್ಲಿ ಜೋಡಿಸಿಟ್ಟರು. ಅವಕ್ಕೆ 'ಎದೆನೋವುಗಳು' ಎಂದೇ ಹೆಸರಿಟ್ಟರು. ಸುಮಾರು ಇಪ್ಪತ್ತೈದು ವರ್ಷ ಹೀಗೆ ಕಳೆಯಿತು. 2004ರಲ್ಲಿ, ಎಂಬತ್ತು ದಾಟಿದ ಮೇಲೆ, ಟೆಹರಾನಿಗೆ ಮರಳಿ ಮ್ಯೂಸಿಯಂನಲ್ಲಿ ಇಡುವಷ್ಟು ದೊಡ್ಡ ಕನ್ನಡಿ ಕೆಲಸಗಳನ್ನು ಮತ್ತೆ ಆರಂಭಿಸಿದರು. 2015ರಲ್ಲಿ ನ್ಯೂಯಾರ್ಕ್‌ನ ಗುಗೆನ್‌ಹೈಮ್ ಮ್ಯೂಸಿಯಂ ಆಕೆಯ ಕನ್ನಡಿ ಕೃತಿಗಳ ದೊಡ್ಡ ಪ್ರದರ್ಶನ ಏರ್ಪಡಿಸಿತು. ಎಂಬತ್ತರ ನಂತರ ತಸ್ಬೀಹ್ ಹಿಡಿದು ಮೂಲೆಯಲ್ಲಿ ಕುಳಿತುಕೊಳ್ಳಿ ಎಂದು ನಮ್ಮ ಮನೆಗಳ ಹಿರಿಯ ಹೆಂಗಸರಿಗೆ ಹೇಳುವವರು ಈ ವರ್ಷಗಳ ಲೆಕ್ಕವನ್ನು ಒಮ್ಮೆ ನೋಡಬೇಕು.

2025ರ ಜೂನ್‌ನಲ್ಲಿ ಇಸ್ರೇಲ್ ಹನ್ನೆರಡು ದಿನ ಇರಾನಿನ ಮೇಲೆ ಬಾಂಬು ಹಾಕಿದಾಗ ಟಿ.ವಿ. ಮುಂದೆ ಕುಳಿತ ನನಗೆ ಮೊದಲು ನೆನಪಾದದ್ದು ಶೀರಾಝ್‌ನ ಅಂಗಳದಲ್ಲಿ ಪಿಸ್ತಾ ಹಂಚಿದ ಆ ಅಜ್ಜಿ. ಆಮೇಲೆ ಈ ಕನ್ನಡಿಗಳು. ಬಾಂಬು ದೂರದಲ್ಲಿ ಬಿದ್ದರೂ ಮೊದಲು ಒಡೆಯುವುದು ಗಾಜು ತಾನೇ?

ಮ್ಯೂಸಿಯಂನಲ್ಲಿ ನಾವು ಒಂದು ಗಂಟೆ ಇದ್ದೆವು. ಅತ್ತೆ ಇಲ್ಲಿ ಒಳಗೆ ಬಂದರು. ಗೋರಿಯಿಲ್ಲವಲ್ಲ! ಷಟ್ಕೋನದ ಒಂದು ಕೃತಿಯ ಮುಂದೆ ನಿಂತು, ಅದರ ಮೂಲೆ ಮೂಲೆಗಳನ್ನು ದಿಟ್ಟಿಸಿ, ನನ್ನ ಕಡೆ ತಿರುಗಿ, "ಇದನ್ನೆಲ್ಲ ಒರೆಸುವವರು ಯಾರು? ಬಟ್ಟೆ ಹಾಕಿದರೆ ಚೂರಿಗೆ ಸಿಕ್ಕಿ ಹರಿಯುವುದಿಲ್ಲವೇ? ಕೇಳು" ಎಂದರು. ಕಾವಲಿಗಿದ್ದ ಹುಡುಗಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ನಾನು ಕೈಸನ್ನೆಯಲ್ಲಿ ಒರೆಸಿ ತೋರಿಸಿದೆ. ಅವಳಿಗೆ ಅರ್ಥವಾಗಿ ನಗು ಬಂತು. ಮೇಜಿನ ಖಾನೆಯಿಂದ ಮೃದುವಾದ ಕೂದಲಿನ ಒಂದು ಕುಂಚ ತೆಗೆದು, ಗಾಳಿಯಲ್ಲೇ ಮೇಲಿನಿಂದ ಕೆಳಕ್ಕೆ ಮೆಲ್ಲಗೆ ಎಳೆದು ತೋರಿಸಿ, ಅತ್ತೆಯ ಕೈಗೆ ಅದನ್ನು ಕೊಟ್ಟಳು. ಅತ್ತೆ ಕೂದಲನ್ನು ಬೆರಳಿನಿಂದ ಸವರಿ ನೋಡಿ, ಆಗಬಹುದು ಎಂಬಂತೆ ತಲೆಯಾಡಿಸಿ ಹಿಂದಕ್ಕೆ ಕೊಟ್ಟರು.